ಮಂದಿಯ ಮಂಚ

ನಮ್ಮ ಮನೆಯ ಒಳಕೋಣೆಗೆ ಒಂದು ಕಿಟಕಿ ಇತ್ತೆಂಬುದು ನನಗೆ ಗೊತ್ತಾದದ್ದು ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿಕೊಂಡು ಬಂದ ಮೇಲೆ. ಹುಟ್ಟಿ ಬೆಳೆದ ಮನೆಯ ಕಿಟಕಿ ಅಷ್ಟು ವರ್ಷ ಕಾಣದೇ ಇದ್ದದ್ದಕ್ಕೆ ಕಾರಣ ಅದರ ಮುಂದೆ ನಿಲ್ಲಿಸಿದ್ದ ಒಂದು ಬಾಗಿಲು. ಆ ಬಾಗಿಲು ನಮ್ಮದಲ್ಲ. ಶಹಾಬಜಾರದ ನಮ್ಮ ಗಲ್ಲಿಯವರೇ ಯಾರೋ ಮನೆ ಮಾರಿ ಸೋಲಾಪುರದ ಗಿರಣಿಗೆ ದುಡಿಯಲು ಹೋಗುವಾಗ, ಅಜ್ಜ ಮಾಡಿಸಿದ ಸಾಗವಾನಿ ಬಾಗಿಲನ್ನು ಮಾತ್ರ ಬಿಟ್ಟುಕೊಡಲಾರದೆ ಚೌಕಟ್ಟಿನ ಸಮೇತ ಕಿತ್ತು ತಂದು ನಮ್ಮ ತಂದೆಯ ಹತ್ತಿರ ಇಟ್ಟು ಹೋಗಿದ್ದರು.

ತಂದೆಯದು ಕಾಳುಕಡಿಯ ಸಣ್ಣ ಅಂಗಡಿ. ಅದಕ್ಕಿಂತ ದೊಡ್ಡದು ಅವರ ಮೇಲಿನ ನಂಬಿಕೆ. ಊರು ಬಿಟ್ಟು ಹೊರಟವರು ತಮ್ಮ ಸಾಮಾನನ್ನು ಜೋಪಾನಕ್ಕೆ ಒಪ್ಪಿಸಿದ ‘ಅಮಾನತ್’ ಎಂದು ನಮ್ಮ ಮನೆಯಲ್ಲಿ ಇಡುವುದು ಯಾವಾಗ ಶುರುವಾಯಿತೋ ನನಗೆ ತಿಳಿಯದು. ‘ನಾಕು ದಿನ ಇಟ್ಟಿರ್ರಿ ಅಪ್ಪಾರ’ ಎಂದು ಕೊಟ್ಟದ್ದು ವರ್ಷಗಟ್ಟಲೆ ಉಳಿಯುತ್ತಿತ್ತು. ತಳ ತೂತಾದ ತಾಮ್ರದ ಹಂಡೆಗಳು, ಮಗ್ಗದ ಕಂಬಗಳು, ಗಿಳಿಯಿಲ್ಲದ ಗಿಳಿಪಂಜರ, ಕುದುರೆಯನ್ನು ಮಾರಿದವರ ಜೀನು. ಇವುಗಳ ನಡುವೆ ಓಡಾಡಲು ನಾವು ಮೈ ಓರೆ ಮಾಡಿಕೊಂಡು ನಡೆಯುವುದನ್ನು ಕಲಿತಿದ್ದೆವು. ಹೈದರಾಬಾದಿನಲ್ಲಿ ನನ್ನ ಕೋಣೆಯ ಗೆಳೆಯನೊಬ್ಬ, “ನೀನು ಖಾಲಿ ವರಾಂಡದಲ್ಲೂ ಓರೆಯಾಗಿ ಯಾಕೆ ನಡೆಯುತ್ತೀ?” ಎಂದು ಕೇಳಿದ್ದ.

ಇಷ್ಟೆಲ್ಲ ಸಾಮಾನು ನಿಜವಾಗಿಯೂ ಇತ್ತೇ ಎಂದು ಈಗ ಕೆಲವೊಮ್ಮೆ ಅನುಮಾನವಾಗುತ್ತದೆ. ಕುದುರೆಯ ಜೀನು ಇರಲೇ ಇಲ್ಲ, ಅದನ್ನು ನೀನು ಬೇರೆಲ್ಲೋ ನೋಡಿದ್ದು ಎನ್ನುತ್ತಾಳೆ ತಂಗಿ. ಇರಬಹುದು. ಆದರೆ ಮಂಚ ಇತ್ತು. ಅದರ ವಿಷಯದಲ್ಲಿ ಯಾರಿಗೂ ತಕರಾರಿಲ್ಲ. ಕಾಲುಗಳ ಮೇಲೆ ಕೆತ್ತಿದ್ದದ್ದು ಸಿಂಹವೋ ಗಿಳಿಯೋ ಎಂಬುದೊಂದೇ ತಕರಾರು. ನನ್ನ ನೆನಪಿನಲ್ಲಿ ಸಿಂಹ, ಅವ್ವನ ನೆನಪಿನಲ್ಲಿ ಗಿಳಿ.

ಒಳಕೋಣೆಯ ಮುಕ್ಕಾಲು ಪಾಲು ಆ ಮಂಚವೇ. ಮೊದಲು ನಮ್ಮ ಗಲ್ಲಿಯಲ್ಲೇ ಇದ್ದ ಒಬ್ಬ ಅರಿವೆ ವ್ಯಾಪಾರಿ ಅದನ್ನು ಯಾವುದೋ ಜಹಗೀರದಾರರ ಹವೇಲಿಯ ಹರಾಜಿನಲ್ಲಿ ಕೊಂಡಿದ್ದನಂತೆ. ಅವನು ತೀರಿಕೊಂಡ ಮೇಲೆ ಹೆಂಡತಿ ತನ್ನ ತವರಿನ ಹೊಲ ನೋಡಿಕೊಳ್ಳಲು ಕಮಲಾಪುರಕ್ಕೆ ಹೋದಳು. ಹೋಗುವಾಗ ಮಂಚ ನಮ್ಮಲ್ಲಿಗೆ ಬಂತು. ತಂದೆ ಸೋಮವಾರಕ್ಕೊಮ್ಮೆ ಅದನ್ನು ಒದ್ದೆ ಅರಿವೆಯಿಂದ ಒರೆಸುತ್ತಿದ್ದರು. ಆದರೆ ಅದರ ಮೇಲೆ ಒಂದು ದಿನವೂ ಕೂತವರಲ್ಲ. ರಾತ್ರಿ ಅದರ ಪಕ್ಕದಲ್ಲೇ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಬೆಕ್ಕು ಹತ್ತಿ ಕೂತರೆ ಅದಕ್ಕೂ ತಿಳಿಸಿ ಹೇಳುತ್ತಿದ್ದರು: “ಇಳೀವಾ, ಅದು ನಮ್ದಲ್ಲ, ಮಂದೀ ಮಂಚ ಅದ.”

ಮಂದಿಯ ಸಾಮಾನು ಬಿಟ್ಟು ಹೋಗುವಂತಿಲ್ಲವಲ್ಲ, ಹೀಗಾಗಿ ತಂದೆ ಒಂದು ರಾತ್ರಿಯೂ ಹೊರಗೆ ತಂಗುತ್ತಿರಲಿಲ್ಲ. ತಂಗಿಯನ್ನು ಆಳಂದಕ್ಕೆ ಕೊಟ್ಟಿದ್ದೆವು. ಮದುವೆಯಾದ ಮೇಲೆ ಅವಳ ಮನೆ ಹೇಗಿದೆಯೆಂದು ಅವರು ಒಮ್ಮೆಯೂ ನೋಡಿರಲಿಲ್ಲ. ಅಮಾನತಿಗೆ ಅವರದೊಂದು ಕಾಯಿದೆಯೂ ಇತ್ತು. ಇಟ್ಟವರು ಅಥವಾ ಅವರ ಮಕ್ಕಳು ಸಾಮಾನಿನ ಮೇಲೆ ಕೈಯಿಟ್ಟು ‘ನಂದು ನನಗ ಬಂತು’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುವವರೆಗೆ ಅದರ ಹೊಣೆ ತೀರುವುದಿಲ್ಲ. ಆಗ ನಾನು ಯಾವುದನ್ನೂ ಪುರಾವೆಯಿಲ್ಲದೆ ಒಪ್ಪುವವನಲ್ಲ. ಬಾಯಿಮಾತಿಗೆ ಏನು ಬೆಲೆ ಎಂದು ವಾದಿಸಿದ್ದೆ. “ನೀ ಓದಿ ಬಂದದ್ದು ಬಾಯಿಮಾತು ಅಲ್ಲೇನು ತಮ್ಮಾ?” ಎಂದಿದ್ದರು ಅವರು.

ತಂಗಿಗೆ ಏಳನೇ ತಿಂಗಳು ಬಿದ್ದಾಗ ಅವಳನ್ನು ಚೊಚ್ಚಲ ಹೆರಿಗೆಗೆ ಕರೆತರುವ ಮಾತು ಬಂತು. ಅವ್ವ ಆಳಂದಕ್ಕೆ ಹೋಗಿ ಮಾತಾಡಿ ಬಂದವಳು, ಮುಖ ತೊಳೆಯದೆ, ಸೆರಗು ಸರಿ ಮಾಡಿಕೊಳ್ಳದೆ ಹಂಡೆಗಳ ನಡುವೆ ಕೂತುಬಿಟ್ಟಳು.

“ಏನಂದ್ರು ಬೀಗರು?” ಎಂದರು ತಂದೆ.

“ಭಾಳ ಛಲೋ ಮಾತು ಅಂದ್ರು. ‘ನಿಮ್ಮ ಮನ್ಯಾಗ ಮಂದಿ ಸಾಮಾನಕ್ಕ ಜಾಗಾ ಅದ, ಮಗಳಿಗೆಲ್ಲಿ ಜಾಗಾ ಅದ? ಬಾಣಂತನ ಇಲ್ಲೇ ಆಗ್ಲಿ ಬಿಡ್ರಿ’ ಅಂದ್ಳು ಅಕಿ ಅತ್ತಿ. ಹತ್ತು ಮಂದಿ ಮುಂದ ಅಂದ್ಳು.”

ತಂದೆ ಪಕ್ಕದ ಹಂಡೆಯನ್ನು ಗೋಡೆಗೆ ಸರಿಸಿದರು.

“ಮಾತಾಡ್ರಿ. ಎಲ್ಲಿ ಮಾಡಸ್ಲಿ ಬಾಣಂತನ? ಆ ಮಂಚದ ಬುಡಕ ಮಾಡಸ್ಲೇನು?”

“ಮ್ಯಾಲರೆ ಮಾಡಸಬಹುದಲ್ಲ,” ಎಂದೆ ನಾನು.

“ಮಂದೀ ಮಂಚ,” ಎಂದರು ತಂದೆ, ತಮಗೇ ಗೊತ್ತಿಲ್ಲದ ಹಾಗೆ.

ಅವ್ವ ನನ್ನನ್ನೂ ಅವರನ್ನೂ ಒಟ್ಟಿಗೇ ನೋಡಿದಳು. ಚೊಚ್ಚಲ ಹೆರಿಗೆಗೆ ತವರು ಸಿಗದ ಮಗಳೆಂದರೆ ಊರ ಬಾಯಿಗೆ ಹೊಸ ಎಲಿಅಡಕಿ. ಅದು ಹೇಗೋ ಇರಲಿ. ತಂಗಿ ಅವ್ವನ ಕಿವಿಯಲ್ಲಿ, “ಅವ್ವಾ, ನನಗ ಇಲ್ಲಿ ಅಂಜಿಕಿ ಆಗ್ತದ” ಎಂದಿದ್ದಳಂತೆ. ಅದನ್ನು ಅವ್ವ ನಮಗೆ ಹೇಳಿದ್ದು ಕೊನೆಗೆ, ಒಲೆ ಹೊತ್ತಿಸುತ್ತ, ಬೆನ್ನು ತಿರುಗಿಸಿಕೊಂಡು. ಅಂದು ತಂದೆ ಉಣ್ಣಲಿಲ್ಲ. ಮರುದಿನ ನನ್ನನ್ನು ಕರೆದು, “ತಮ್ಮಾ, ಒಂದೊಂದೇ ಕೊಟ್ಟು ಬರೋಣ ನಡಿ,” ಎಂದರು.

ಮನೆ ಖಾಲಿ ಮಾಡಬೇಕೆಂದು ಮೊದಲು ಹೇಳಿದವನು ನಾನೇ ಎಂದು ಬಹಳ ವರ್ಷ ತಿಳಿದಿದ್ದೆ. ಬರೆಯಲು ಕೂತಾಗ ಹಾಗೆ ಹೇಳಿದ ಒಂದು ವಾಕ್ಯವೂ ನೆನಪಾಗಲಿಲ್ಲ. ಆದ್ದರಿಂದ ಆ ಮಾತು ಬಿಟ್ಟಿದ್ದೇನೆ.

ಊರಿಗೆ ಮರಳಿದವರನ್ನು, ಇಲ್ಲವೇ ಅವರ ಮಕ್ಕಳನ್ನು ಹುಡುಕುತ್ತ ಹಂಡೆ ಹೊತ್ತು ಗಲ್ಲಿಗಲ್ಲಿ ತಿರುಗಿದೆವು. ನಮ್ಮನ್ನು ಕಂಡವರ ಮುಖದಲ್ಲಿ ಸಂತೋಷ ಕಾಣುತ್ತದೆಂದು ನಾನು ಎಣಿಸಿದ್ದೆ. ಹೆಚ್ಚಿನವರು ಗಾಬರಿಯಾದರು. “ಅಯ್ಯ, ಅದಿನ್ನೂ ಅದ ಏನ್ರೀ?” ಎಂದಳು ಒಬ್ಬಾಕೆ, ಸತ್ತ ಸೋದರತ್ತೆ ಎದ್ದು ಬಂದಂತೆ ಹಂಡೆಯನ್ನು ನೋಡುತ್ತ. ಪಂಜರದ ಒಡೆಯರಾದ ಮುದುಕರು ಮಾತ್ರ ಅದನ್ನು ಎದೆಗೊತ್ತಿಕೊಂಡು, “ಮಿಯಾ ಮಿಠ್ಠೂ ಹೋದ, ಅವನ ಘರ್ ಬಂತು, ಶುಕ್ರಿಯಾ ಅಪ್ಪಾರ,” ಎಂದು ಎರಡು ಭಾಷೆಯಲ್ಲಿ ಅತ್ತರು. ಬಾಗಿಲಿನ ಒಡೆಯನ ಮಗ ಸೋಲಾಪುರದಿಂದ ಬಂದು ಊರ ಹೊರಗೆ ಆಡು ಕಟ್ಟಿಕೊಂಡಿದ್ದ. ಅಜ್ಜನ ಸಾಗವಾನಿ ಬಾಗಿಲು ಆಡಿನ ದೊಡ್ಡಿಗೆ ಹೊಂದಿತು. ವಾರಸುದಾರರು ಸಿಗದ ನಾಲ್ಕಾರು ವಸ್ತುಗಳನ್ನು ಮಠಕ್ಕೆ ಒಪ್ಪಿಸಿದೆವು. ತಂದೆಯ ಒತ್ತಾಯಕ್ಕೆ ಸ್ವಾಮಿಗಳೂ ತೂತು ಹಂಡೆಯ ಮೇಲೆ ಕೈಯಿಟ್ಟು, “ನಂದು ನನಗ ಬಂತಪ್ಪಾ,” ಎನ್ನಬೇಕಾಯಿತು.

ಕೊನೆಗೆ ಉಳಿದದ್ದು ಮಂಚ. ಬಡಿಗ ಬಂದು ಅದನ್ನು ಬಿಚ್ಚಿದ. ಬಾಡಿಗೆ ಬಂಡಿಯಲ್ಲಿ ಹೇರಿಕೊಂಡು, ಚುಕ್ಕಿ ಇನ್ನೂ ಇರುವಾಗಲೇ ನಾನೂ ತಂದೆಯೂ ಕಮಲಾಪುರದ ದಾರಿ ಹಿಡಿದೆವು. ಮಧ್ಯಾಹ್ನ ಒಂದು ಬಾವಿಯ ಹತ್ತಿರ ರೊಟ್ಟಿ, ಪುಂಡಿಪಲ್ಯ ಉಂಡೆವು. ತಂದೆ ಕೈ ತೊಳೆದವರೇ ಹೋಗಿ ಹಗ್ಗದ ಗಂಟು ಮುಟ್ಟಿ ನೋಡಿದರು. ಅವರ ಮೊಣಕಾಲು ಬಾತಿತ್ತು. ಬಂಡಿಯ ಮೇಲೆ, ಮಂಚದ ಹಲಗೆಗಳ ಮೇಲೆ ಕೂಡಿರೆಂದರೆ ಒಪ್ಪಲಿಲ್ಲ. ಮೂಕಿಯ ಹತ್ತಿರ ಬಂಡಿಯವನ ಪಕ್ಕ ಒಂದು ಗೇಣು ಜಾಗದಲ್ಲಿ ಕೂತೇ ಬಂದರು.

ದೀಪ ಹಚ್ಚುವ ಹೊತ್ತಿಗೆ ಅರಿವೆ ವ್ಯಾಪಾರಿಯ ಹೆಂಡತಿಯ ಮನೆ ಮುಟ್ಟಿದೆವು. ಬಾಳೆತೋಟದ ಅಂಚಿಗೆ ಗಿಡ್ಡ ಬಾಗಿಲಿನ ಮಣ್ಣಿನ ಮನೆ. ಅಂಗಳದಲ್ಲಿ ಕೆಂಪು ಬಾಳೆಯ ಗೊನೆಗಳು. ನಾನು ಚಿಕ್ಕವನಿದ್ದಾಗ ಆಕೆ ಯಾವಾಗಲೂ ಹುಬ್ಬು ಗಂಟಿಕ್ಕಿಕೊಂಡಿದ್ದಂತೆ ನೆನಪು. ಇಲ್ಲಿ ಸೆರಗು ನಡುವಿಗೆ ಸಿಕ್ಕಿಸಿಕೊಂಡು ನಗುತ್ತ ಬಂದಳು. ಬಂಡಿಯಲ್ಲಿ ಏನಿದೆ ಎಂದು ತಿಳಿದದ್ದೇ ನಗು ನಿಂತಿತು.

“ಅಣ್ಣಾರ, ಇದನ್ನ ಯಾಕ ತಂದ್ರಿ?”

“ನಿಮ್ಮ ಅಮಾನತ್ ಅಲ್ಲೇನ್ರೀ ಅಕ್ಕಾರ. ಒಂದು ಗೀರು ಬಿದ್ದಿಲ್ಲ, ನೋಡ್ಕೋರಿ.”

“ಅಯ್ಯ ಶಿವನೇ! ನಾ ಅದನ್ನ ಬಿಟ್ಟ ಬಂದಿದ್ದೆ, ಇಟ್ಟ ಬಂದಿದ್ದಿಲ್ಲ.”

ತಂದೆಗೆ ಅರ್ಥವಾಗಲಿಲ್ಲ. “ಅಮಾನತ್ ಅಂದಿದ್ರಿ,” ಎಂದರು.

“ಹಂಗ ಅನ್ನದಿದ್ರ ನೀವು ತೊಗೊಳ್ತಿದ್ರೇನು? ಪುಕ್ಕಟೆ ಬ್ಯಾಡ ಅಂತಿದ್ರಿ. ನಮ್ಮ ಮನಿಯವರು ಆಶಾದಿಂದ ತಂದಿದ್ರು, ಮಾರೋದಕ್ಕ ಮನಸ್ಸಾಗ್ಲಿಲ್ಲ, ಸುಡೋದಕ್ಕ ಧೈರ್ಯ ಆಗ್ಲಿಲ್ಲ. ಅದರ ಸುತ್ತ ಸುತ್ತಿ ಸುತ್ತಿ ನನ್ನ ಅರ್ಧಾ ಆಯುಷ್ಯ ಹೋಗೇದ ಅಣ್ಣಾರ. ನಿಮ್ಮ ಮನಿ ಹೊಸ್ತಿಲ ದಾಟಿಸಿದ ದಿನ ನಾ ಕಣ್ಣ ತುಂಬ ನಿದ್ದಿ ಮಾಡೀನಿ.”

ಆ ನಿದ್ದೆಯ ಲೆಕ್ಕದಲ್ಲಿ ನೆಲದ ಮೇಲೆ ಮಲಗಿದವರು ನನ್ನ ತಂದೆ. ನನಗೆ ಸಿಟ್ಟು ಬಂತು. ತಂದೆಗೆ ಬರಲಿಲ್ಲ. ಅವರು ಮಂಚದ ಕಾಲಿನ ಮೇಲಿನ ದಾರಿಯ ಧೂಳನ್ನು ಒರೆಸಿ, “ಆತ್ರೀ. ಈಗ ಕೈ ಇಟ್ಟು ಒಂದು ಮಾತು ಹೇಳಿಬಿಡ್ರಿ,” ಎಂದರು.

“ನಾ ಅನ್ನಂಗಿಲ್ಲ. ಅಂದ್ರ ಅದು ತಿರುಗಿ ನಂದಾಗ್ತದ. ಈ ಬಾಗಲ್ದಾಗ ಅದು ಹಿಡೀತದೇನು ನೋಡ್ರಿ.”

“ನೀವು ಅನ್ನದಿದ್ರ ನಾ ಹೊಳ್ಳಿ ಒಯ್ಯಬೇಕಾಗ್ತದ.”

“ಒಯ್ರಿ! ಪುಣ್ಯ ಬರ್ತದ.”

ಇಬ್ಬರೂ ಒಂದು ಮಂಚವನ್ನು ನಡುವೆ ಹಾಕಿಕೊಂಡು, ಅದು ತಮ್ಮದಲ್ಲ ಎಂದು ಜಗಳಾಡುತ್ತಿದ್ದರು. ಅಂಥ ವ್ಯಾಜ್ಯವನ್ನು ಯಾವ ಅದಾಲತ್ತೂ ಕಂಡಿರಲಾರದು. ಆದರೆ ತಂದೆ ಆಡಿದಂತೆ ಮಾಡುವವರು. ಬೆಳಗಾದರೆ ಬಂಡಿಯನ್ನು ತಿರುಗಿಸಿಯೇ ತಿರುಗಿಸುತ್ತಾರೆ, ಮಂಚ ಒಳಕೋಣೆಯಲ್ಲಿ ಮತ್ತೆ ನಿಲ್ಲುತ್ತದೆ, ತಂಗಿ ಆಳಂದದಲ್ಲೇ ಅಂಜುತ್ತ ಹೆರುತ್ತಾಳೆ. ಕಾರಣ ಹೇಳಿ ಬೇಡುವುದು ಅವರ ಬಾಯಲ್ಲಿ ಬರುವ ಮಾತಲ್ಲ. ನಾನು ಹೇಳಿದೆ: “ಅತ್ಯಾ, ತಂಗಿಗೆ ಏಳು ತುಂಬ್ಯಾವ. ಚೊಚ್ಚಲ. ಕೂಸು ಹುಟ್ಟೋದಕ್ಕ ನಮ್ಮ ಮನ್ಯಾಗ ಜಾಗಾ ಇಲ್ಲ.”

ಆಕೆ ನನ್ನನ್ನು ನೋಡಿದಳು, ತಂದೆಯನ್ನು ನೋಡಿದಳು. “ಎಂಥಾ ಗಂಡಸರ್ರೀ ನೀವು! ಇದನ್ನ ಮೊದಲ ಹೇಳಬಾರದೇನು?” ಎಂದು ಬಂಡಿಯ ಹತ್ತಿರ ಹೋಗಿ, ಹಲಗೆಯ ಮೇಲೆ ಅಂಗೈ ಬಡಿದು, “ನಂದು ನನಗ ಬಂತು. ಬಂತ್ರೀ ಅಣ್ಣಾರ, ಬಂತು. ನಾಳೆ ತೋಟಕ್ಕ ಒಯ್ಸಿ ಕಾವಲಿಗೆ ಮಂಚಿಕಿ ಮಾಡಸ್ತೀನಿ. ಇನ್ನರೆ ಮಲ್ಕೋರಿ,” ಎಂದಳು.

ತಂದೆ ಆಗ ನಕ್ಕರೋ ಅತ್ತರೋ ನನಗೆ ಖಚಿತವಿಲ್ಲ. ಎರಡು ರೀತಿಯಲ್ಲೂ ಈ ಕಥೆ ಹೇಳಿದ್ದೇನೆ. ಅವ್ವನ ಪ್ರಕಾರ ಹೆರಿಗೆಯ ವಿಷಯ ಹೇಳಿದ್ದೂ ನಾನಲ್ಲ, ತಂದೆಯೇ. ಅವ್ವ ಅಲ್ಲಿರಲಿಲ್ಲ, ಆದರೂ ನನಗಿಂತ ಚೆನ್ನಾಗಿ ಹೇಳುತ್ತಾಳೆ. ನನ್ನ ನೆನಪುಗಳಲ್ಲಿ ಎಷ್ಟು ನನ್ನವು, ಎಷ್ಟು ಬೇರೆಯವರು ಇಟ್ಟು ಹೋದವು ಎಂದು ವಿಚಾರಿಸುತ್ತ ಹೋದರೆ ಕೊನೆಗೆ ನನ್ನ ಕೈಯಲ್ಲಿ ಬಹಳ ಉಳಿಯಲಿಕ್ಕಿಲ್ಲ. ಮೊದಲು ಈ ಯೋಚನೆಗೆ ಅಂಜುತ್ತಿದ್ದೆ. ಈಗ ಅಷ್ಟು ಅಂಜಿಕೆಯಿಲ್ಲ. ಸಿಂಹವನ್ನು ಅವ್ವನಿಗೆ ಬಿಟ್ಟುಕೊಟ್ಟು ಗಿಳಿ ಎಂದೇ ಒಪ್ಪಿಕೊಂಡಿದ್ದೇನೆ. ಏನೂ ನಷ್ಟವಾಗಿಲ್ಲ.

ಒಂದನ್ನು ಮಾತ್ರ ಕಣ್ಣಾರೆ ಕಂಡದ್ದೆಂದು ಹೇಳಬಲ್ಲೆ. ಆ ರಾತ್ರಿ ಉಂಡ ಮೇಲೆ ತಂದೆ ಅಂಗಳದಲ್ಲಿ ಕಂಬಳಿ ಹಾಸಿ ಅಡ್ಡಾದರು. ಮನೆಯಲ್ಲಿ ಒಂದು ಎಲೆ ಬಿದ್ದರೂ ಎದ್ದು ಕೂಡುವವರು, ಬಿಸಿಲು ಮುಖಕ್ಕೆ ಬಂದರೂ ಏಳಲಿಲ್ಲ. ಎರಡೂ ಕೈ ಅಗಲಿಸಿ, ಬಾಯಿ ತೆರೆದು ಮಲಗಿದ್ದರು. ಆಕೆ ಎಬ್ಬಿಸಗೊಡಲಿಲ್ಲ. ಹಿಂದಿರುಗುವಾಗ ಖಾಲಿ ಬಂಡಿಯಲ್ಲಿ ಕಾಲು ಚಾಚಿ ಕೂತು ದಾರಿಯುದ್ದಕ್ಕೂ ಮಾತಾಡಿದರು. ಮೊಣಕಾಲಿನ ಬಗ್ಗೆ ಒಂದು ಮಾತೂ ಇಲ್ಲ. ಬಾಣಂತನ ಮುಗಿದ ಮೇಲೆ ಮಗಳನ್ನು ಬಿಡಲು ತಾವೇ ಆಳಂದಕ್ಕೆ ಹೋಗುವುದಾಗಿ ಹೇಳಿದರು. ಯಾವ ಮರದಲ್ಲಿ ಯಾವ ಹಕ್ಕಿ ಎಂದು ಕೇಳಿದರು. ನನಗೆ ಒಂದೂ ಗೊತ್ತಿರಲಿಲ್ಲ.

ನಾವು ಬರುವಷ್ಟರಲ್ಲಿ ಅವ್ವ ಒಳಕೋಣೆಗೆ ಸುಣ್ಣ ಹೊಡೆಸಿ, ನೆಲ ಸಾರಿಸಿದ್ದಳು. ಕಿಟಕಿ ತೆರೆದಿತ್ತು. ಸಾರಿಸಿದ ನೆಲದ ಮೇಲೆ ಒಂದು ಚೌಕ ಬೆಳಕು ಬಿದ್ದಿತ್ತು. ಮೂವರೂ ಅದನ್ನು ತುಳಿಯದೆ ಸುತ್ತಲೂ ನಿಂತು ನೋಡಿದೆವು. ನಾನು ಅಂದು ಅಭ್ಯಾಸಬಲದಿಂದ ಓರೆಯಾಗಿಯೇ ಒಳಗೆ ಹೋಗಿದ್ದೆ.

ತಂಗಿ ಬಂದಳು. ಆ ಕೋಣೆಯಲ್ಲೇ ನಮ್ಮದೇ ಹಗ್ಗದ ಹೊರಸಿನ ಮೇಲೆ ಹಡೆದಳು. ಕೂಸಿನ ಮೊದಲ ಅಳು ಖಾಲಿ ಗೋಡೆಗಳಿಗೆ ಬಡಿದು ಎರಡೆರಡು ಸಲ ಕೇಳಿಸಿತು. “ಅವಳಿ ಏನೇ?” ಎಂದು ತಂದೆ ಹೊರಗಿನಿಂದ ಕೂಗಿದರು. ಒಳಗೆ ಹೆಂಗಸರೆಲ್ಲ ನಕ್ಕರು.

ತೊಟ್ಟಿಲು ಕಟ್ಟಿದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಗಲ್ಲಿಯವರೊಬ್ಬರು ದೊಡ್ಡದೊಂದು ಹಂಡೆ ಹೊರಿಸಿಕೊಂಡು ಬಾಗಿಲಿಗೆ ಬಂದರು. “ಬೀದರಿಗೆ ಹೊಂಟೀವ್ರೀ ಅಪ್ಪಾರ. ನಾಕೇ ದಿನ, ಒಂದು ಮೂಲ್ಯಾಗ ಇಟ್ಟಿರ್ರಿ.”

ತಂದೆಯ ಎರಡೂ ಕೈ ತಾವಾಗಿಯೇ ಮುಂದೆ ಬಂದವು. ಅವರು ಒಮ್ಮೆ ಹಿಂದಿರುಗಿ ಒಳಗೆ ನೋಡಿದರು. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಜಾಗಾ ಇಲ್ಲ್ರೀ,” ಎಂದರು.

ಬಂದವರು ತಂದೆಯ ಭುಜದ ಮೇಲಿಂದ ಇಣುಕಿ ನೋಡಿದರು. ಒಳಗೆ ಹತ್ತು ಚೀಲ ಜೋಳ ಹರವಿ ಒಣಗಿಸುವಷ್ಟು ಬರಿದಾದ ಕೋಣೆ, ನಡುವೆ ತೂಗುವ ಒಂದು ತೊಟ್ಟಿಲು.

“ಜಾಗಾ ಅದ ಅಲ್ರೀ,” ಎಂದರು ಅವರು.

“ಎಲ್ಲಿ? ಪೂರಾ ತುಂಬಿಬಿಟ್ಟದ ನೋಡ್ರಿ,” ಎಂದರು ತಂದೆ.