ಪ್ರಭುವಿನ ಭೋಜನದ ಚಪಾತಿ

ನನಗೆ ಬಾಯಿ ಜಾಸ್ತಿ. ಅದಕ್ಕೇ ಬನಹಟ್ಟಿಯ ನಮ್ಮ ಪುಟ್ಟ ಸಭೆಯಲ್ಲಿ ಹೆಂಗಸರ ಕೂಟದ ಪಾಠ ನನ್ನ ಪಾಲಿಗೇ ಬಂದಿದೆ. ಮೊನ್ನೆ ಶನಿವಾರ ಮೋಶೆಯ ಶುದ್ಧಿಯ ನೇಮಗಳನ್ನು ಹಿಡಿದು ಕೂತಿದ್ದೆ. ಮುಟ್ಟಾದವಳನ್ನು ಮುಟ್ಟಿದವರೂ ಸಂಜೆಯ ತನಕ ಅಶುದ್ಧರು ಎಂದು ಯೆಹೂದ್ಯರಿಗೆ ಕಟ್ಟಳೆ ಇತ್ತು. ಆದರೆ ವರ್ಷಗಟ್ಟಲೆ ರಕ್ತ ಹೋಗುತ್ತಿದ್ದ ಹೆಂಗಸು ಯೇಸುಸ್ವಾಮಿಯ ಬಟ್ಟೆಯ ಅಂಚು ಮುಟ್ಟಿದಾಗ ಆತ ಸಿಟ್ಟಾಗಲಿಲ್ಲ, ಮಗಳೇ ಎಂದು ಕರೆದ.

"ಸ್ವಾಮಿನ ಮಗಳ ಅಂದಮ್ಯಾಲ ನಮ್ಮನ್ನ ಹೊರಗ ಕುಂಡ್ರಸಾವ್ರು ಯಾರ್ರೀ?" ಎಂದು ಪಕ್ಕದ ಮನೆಯ ಮಗ್ಗದ ಸದ್ದನ್ನೂ ಮೀರಿಸಿ ಕೂಗಿದೆ.

ಹಿಂದೆ ಕೂತಿದ್ದ ನನ್ನ ಸೊಸೆ ಅಳುತ್ತಿದ್ದಳು. ಗಲಗಲಿ ಕಡೆಯ ಅವಳ ತವರಿನವರೂ ವಿಶ್ವಾಸಿಗಳೇ. ಆದರೂ ಅಲ್ಲಿ ಆ ದಿನಗಳಲ್ಲಿ ಹೆಂಗಸರು ಬಾಗಿಲ ಬಳಿ ಕೂರಬೇಕು, ಸ್ವಾಮಿಯ ನೆನಪಿಗೆ ಸಭೆಯಲ್ಲಿ ಮುರಿದು ಹಂಚುವ ಪ್ರಭುವಿನ ಭೋಜನ ಮುಟ್ಟಬಾರದು. ತಾನು ಹೊಲಸೆಂದೇ ನಂಬಿ ಬೆಳೆದ ಹುಡುಗಿ.

ಮರುದಿನ ಬೆಳಿಗ್ಗೆ ನಾನು ಭೋಜನದ ಚಪಾತಿಗೆ ಹಿಟ್ಟು ತೆಗೆಯುತ್ತಿದ್ದೆ. ಪ್ರತಿ ಸಲವೂ ಅದು ನಮ್ಮ ಮನೆಯಿಂದಲೇ ಹೋಗುತ್ತದೆ. ಅವಳು ಸ್ನಾನ ಮಾಡಿ ಬಂದಳು.

"ಅತ್ತಿ, ನಾ ಹೊರಗಾಗೇನ್ರಿ. ಆದ್ರೂ ಇವತ್ತ ಚಪಾತಿ ನಾನ ಮಾಡ್ತೇನಿ. ನೀವ ಹೇಳಿರಲ್ಲ?"

"ಹೂಂ, ಮಾಡವಾ," ಅಂದು ಹಿಟ್ಟಿನ ಬೋಗುಣಿ ಅವಳತ್ತ ಸರಿಸಿದೆ. ಮತ್ತೇನನ್ನಲಿ?

ಎಷ್ಟು ಚೆಂದ ಲಟ್ಟಿಸಿದಳು! ನಡುವೆ ಚಮಚದಿಂದ ಸಣ್ಣ ಶಿಲುಬೆಯನ್ನೂ ಒತ್ತಿ ಬೇಯಿಸಿದಳು. ಅವಳು ಸೀರೆ ಉಡಲು ಒಳಗೆ ಹೋದದ್ದೇ ತಡ, ನನ್ನ ಬುದ್ಧಿ ಕೆಟ್ಟಿತು. ಬೇರೆ ಹಿಟ್ಟು ಕಲಸಿ ಇನ್ನೊಂದು ಬೇಯಿಸಿ ಬುಟ್ಟಿಗಿಟ್ಟೆ. ಅವಳದ್ದನ್ನು ಮನೆಯ ಚಪಾತಿ ಡಬ್ಬಿಯ ತಳಕ್ಕೆ ತುರುಕಿದೆ. ಸ್ವಾಮಿಗೆ ಮೈಲಿಗೆ ಇರಲಿಲ್ಲ ಸರಿ, ನನಗೆ ಭಯವಾಗಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ ಅಂತ ಊರವರನ್ನೆಲ್ಲ ಆಡಿಕೊಂಡವಳು ನಾನು. ಥೂ, ನನ್ನ ಬಾಳೇ!

ಸಭೆಯಲ್ಲಿ ಪಾಸ್ಟರ್ ಅಯ್ಯನವರು ಬಿಳಿ ಬಟ್ಟೆ ಸರಿಸಿ ಮುರಿದು ಹಂಚಿದರು. ತುಂಡು ಕೈಗೆ ಬಂದಾಗ ಸೊಸೆ ನನ್ನ ಕಡೆ ತಿರುಗಿ ನಕ್ಕಳು. ತನ್ನ ಕೈಯ ಚಪಾತಿಯನ್ನು ಎಲ್ಲರೂ ತಿನ್ನುತ್ತಿದ್ದಾರೆಂದು ಅವಳ ಮುಖವೆಲ್ಲ ಅರಳಿತ್ತು. ನಾನು ತಲೆ ತಗ್ಗಿಸಿ ನನ್ನ ಚೂರನ್ನು ಬಾಯಿಗಿಟ್ಟುಕೊಂಡೆ.

ಮಧ್ಯಾಹ್ನ ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳು ಬಡಿಸಲು ಡಬ್ಬಿ ಖಾಲಿ ಮಾಡಿದ್ದಳು. ಶಿಲುಬೆಯ ಚಪಾತಿ ಕೈಯಲ್ಲಿತ್ತು. ಅದನ್ನು ತಟ್ಟೆಗೆ ಹಾಕಿಕೊಂಡು ಹೊಸ್ತಿಲಾಚೆ ಹೋಗಿ ಒಬ್ಬಳೇ ಕೂತಳು.

ಹಿಂದೆಯೇ ಹೋದೆ. "ನಂದ ತಪ್ಪಾತವಾ," ಎಂದು ಅವಳ ಹೆಗಲಿಗೆ ಕೈ ಚಾಚಿದೆ. ಅವಳು ಪಕ್ಕಕ್ಕೆ ಸರಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮುಟ್ಟಬ್ಯಾಡ್ರಿ ಅತ್ತಿ. ಸಂಜೀತನಕಾ ನೀವೂ ಹೊಲಸ ಆಗ್ತೀರಿ."