ಪರದೆಯಾಚೆಗೆ ಕೇಳಿದ ಹಾಡು

ಬೆಳಗಿನ ನಮಾಜು ಮುಗಿಸಿದ ರುಖಿಯಮ್ಮ ಜಗಲಿಯ ಮೂಲೆಯಲ್ಲಿ, ಬೆಳಕು ಮೊದಲು ಬೀಳುವ ಕಡೆಗೆ ಮುಖ ಮಾಡಿ ಕುಳಿತಿದ್ದಾರೆ. ಮಡಿಲಲ್ಲಿ ಬಿದಿರಿನ ಗೆರಸೆ. ಅದರಲ್ಲಿ ಒಂದು ಕಡೆ ಹೊಗೆಸೊಪ್ಪಿನ ಪುಡಿ, ಇನ್ನೊಂದು ಕಡೆ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೆತ್ತಗಾದ ಬೀಡಿ ಎಲೆ. ಎಲೆ ಹಿಡಿದು, ಚಿಟಿಕೆ ಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವಷ್ಟರಲ್ಲಿ ಮುಂದಿನ ಎಲೆ ಬೆರಳಿಗೆ ಬಂದಿರುತ್ತದೆ. ಕಣ್ಣು ಕೆಲಸದ ಮೇಲಿಲ್ಲ. ತುಟಿ ಮೆಲ್ಲಗೆ ಅಲ್ಲಾಡುತ್ತಿದೆ. ಹತ್ತಿರ ಹೋದರೆ ಗುನುಗು ಕೇಳುತ್ತದೆ, ನಮ್ಮನ್ನು ಕಂಡದ್ದೇ ನಿಲ್ಲುತ್ತದೆ.

"ಹಾಡು ಕೇಳ್ಲಿಕ್ಕೆ ಬಂದದ್ದಾದ್ರೆ ಸ್ವಲ್ಪ ಕೂತ್ಕೊಳ್ಳಿ," ಎನ್ನುತ್ತಾರೆ. "ಮೊದಲು ಕೈ ಓಡ್ಬೇಕು, ಮತ್ತೆ ಸ್ವರ. ಫೋಟೊ ಮಾತ್ರ ಬೇಡ ಮಾರಾಯ್ರೆ."

ಕೈಗಳ ಫೋಟೊ ಆದೀತೇ ಎಂದು ಕೇಳಿದರೆ ನಗುತ್ತಾರೆ. "ಕೈದು ತೆಗೀರಿ. ಕೈಗೆ ಎಂತ ನಾಚಿಕೆ?"

ದಕ್ಷಿಣ ಕನ್ನಡದ ಪುತ್ತೂರಿನಿಂದ ಸವಣೂರಿಗೆ ಬಂದು, ಅಲ್ಲಿಂದ ಒಳರಸ್ತೆಯಲ್ಲಿ ನಡೆದರೆ ಸಿಗುವ ಹೆಂಚಿನ ಸಣ್ಣ ಮನೆ ಇವರದು. ವಯಸ್ಸು ಐವತ್ತರ ಹತ್ತಿರ. ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಾರೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಗಂಡ ಅಬ್ದುಲ್ ರಹ್ಮಾನ್ ಮರದ ಲಾರಿಗಳಿಗೆ ಲೋಡ್ ಹಾಕುವವರು. ಇಷ್ಟೇ ಆಗಿದ್ದರೆ ಈ ಊರಿನ ನೂರಾರು ಮನೆಗಳ ಕತೆಯೇ ರುಖಿಯಮ್ಮನದೂ ಆಗುತ್ತಿತ್ತು. ಆದರೆ ಇವರು ಬ್ಯಾರಿ ಮದುವೆಗಳಲ್ಲಿ ಹಾಡುವವರು. ಹೆಂಗಸರೆಲ್ಲ ಮದುಮಗಳ ಸುತ್ತ ಕುಳಿತು ಕೈ ತಟ್ಟಿ ಹಾಡುವಾಗ ಒಬ್ಬಾಕೆ ಮುಂದಿನ ಸಾಲು ಎತ್ತಿ ಕೊಡಬೇಕು. ಆ ಒಬ್ಬಾಕೆ ಇವರು. ಓದು ಬರಹ ಬರುವುದಿಲ್ಲ. ದೊಡ್ಡಮ್ಮನ ಬಾಯಿಯಿಂದ ಕಲಿತ ಹಾಡುಗಳಿಗೆ ತಮ್ಮದೇ ಸಾಲು ಸೇರಿಸುತ್ತಾ ಬಂದವರು.

ಹೀಗೆ ಸೇರಿಸಿದ ಕೆಲವು ಸಾಲುಗಳು ಐದು ವರ್ಷಗಳ ಹಿಂದೆ ಸವಣೂರಿನಿಂದ ಕಡಬದವರೆಗೆ ಸದ್ದು ಮಾಡಿದವು. ಪತ್ರಿಕೆಯ ಕಡೆಯಿಂದ ನಾವು ಬಂದದ್ದು ಅದಕ್ಕೇ.

ಅದರ ಹಿಂದೆ ಇರುವುದು ರುಖಿಯಮ್ಮನ ತಮ್ಮ ಮೂಸಕುಂಞಿಯ ಕಣ್ಣು. ಎಂಬತ್ತಮೂರರ ವಿಧಾನಸಭಾ ಚುನಾವಣೆಯ ಸಮಯ. ಹತ್ತಿರದ ಕೂಡುರಸ್ತೆಯಲ್ಲಿ ಮೂಸಕುಂಞಿಗೆ ಒಂದು ಟೈಲರ್ ಅಂಗಡಿ ಇತ್ತು. ಪ್ರಚಾರದ ಕೊನೆಯ ದಿನ ಸಂಜೆ ಎರಡು ಪಕ್ಷಗಳ ಮೆರವಣಿಗೆ ಎರಡು ಕಡೆಯಿಂದ ಬಂದು ಅಲ್ಲಿ ಎದುರಾಯಿತು. ಘೋಷಣೆ ಬೈಗುಳವಾಯಿತು, ಬೈಗುಳ ಕಲ್ಲಾಯಿತು. ಕಲ್ಲು ಮುಗಿದ ಮೇಲೆ ಸೋಡಾ ಬಾಟ್ಲಿ. ಮೂಸಕುಂಞಿ ಅಂಗಡಿ ಮುಚ್ಚಲು ಬಾಗಿಲಿಗೆ ಹಲಗೆ ಜೋಡಿಸುತ್ತಿದ್ದರು.

"ನಾನು ಯಾವ ಪಾರ್ಟಿಯವನೂ ಅಲ್ಲ," ಎಂದು ಜಗಲಿಯ ಇನ್ನೊಂದು ಬದಿಯಲ್ಲಿ ಕುಳಿತ ಮೂಸಕುಂಞಿ ಹೇಳುತ್ತಾರೆ. "ಎರಡು ಪಾರ್ಟಿಯವರ ಅಂಗಿಯನ್ನೂ ಹೊಲಿದವ. ಬಾಟ್ಲಿ ಯಾರು ಬಿಸಾಡಿದ್ದು ಅಂತ ನನಗೆ ಕಾಣ್ಲಿಲ್ಲ. ಮತ್ತೆ ಬಲಗಣ್ಣಿಗೆ ಎಂತದೂ ಕಾಣ್ಲಿಲ್ಲ."

ಮಂಗಳೂರಿನ ಆಸ್ಪತ್ರೆಗೆ ಎರಡೂ ಪಕ್ಷದವರು ಬಂದರು. ಇವ ನಮ್ಮವ, ನಮ್ಮ ಮೇಲಾದ ಹಲ್ಲೆ ಇದು ಎಂದು ಎರಡೂ ಕಡೆಯವರು ಭಾಷಣ ಮಾಡಿದರು. ಹೊಸ ಬಸ್ ತಂಗುದಾಣದ ಪಕ್ಕ ಗೂಡಂಗಡಿಗಳು ಆಗುತ್ತಿವೆ, ಒಂದು ಮೂಸಕುಂಞಿಗೇ ಎಂದು ಇಬ್ಬರು ಸ್ಥಳೀಯ ಮುಖಂಡರೂ ಮಾತು ಕೊಟ್ಟರು. ಓಟು ಮುಗಿಯಿತು. ಕೂಡುರಸ್ತೆಯ ಅಂಗಡಿಯವರನ್ನು ಪೊಲೀಸರು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬಾಗಿಲು ಹಾಕಿ ಒಳಗಿದ್ದೆವು, ನೋಡಿಲ್ಲ. ಕೇಸು ಸಾಕ್ಷಿ ಇಲ್ಲದೆ ಬಿದ್ದುಹೋಯಿತು. ಗೂಡಂಗಡಿಗಳನ್ನು ಹಂಚುವಾಗ ಮಾತ್ರ ಎರಡು ಪಕ್ಷಗಳ ನಡುವೆ ಯಾವ ಜಗಳವೂ ಇರಲಿಲ್ಲ. ಒಂದು ಈ ಮುಖಂಡರ ಭಾವನಿಗೆ, ಒಂದು ಆ ಮುಖಂಡರ ಅಳಿಯನಿಗೆ, ಉಳಿದವು ಹಾಗೇ ಅರ್ಧರ್ಧ. ಮೂಸಕುಂಞಿಯ ಹೆಸರು ಎಲ್ಲೂ ಇರಲಿಲ್ಲ.

ಆ ಇಬ್ಬರ ಹೆಸರು ಕೇಳಿದರೆ ರುಖಿಯಮ್ಮ ತಲೆಯಾಡಿಸುತ್ತಾರೆ. "ಹೆಸರು ಹಾಕ್ಬೇಡಿ. ಹೆಸರು ಹಾಕಿದ್ರೆ ಅದು ಅವರಿಬ್ಬರ ಕತೆ ಆಗ್ತದೆ. ಹಾಡಿನಲ್ಲಿಯೂ ನಾನು ಹಾಕ್ಲಿಲ್ಲ."

ಮರುವರ್ಷದ ಬೇಸಗೆ. ಗಲ್ಫಿನಲ್ಲಿ ದುಡಿಯುವ ಈ ಊರಿನ ಸಮದ್ ತಮ್ಮ ಮಗಳ ಮದುವೆಗೆಂದು ಊರಿಗೆ ಬಂದಿದ್ದರು. ದೊಡ್ಡ ಮದುವೆ. ಹೊರಗೆ ಚಪ್ಪರದಲ್ಲಿ ಗಂಡಸರು, ಒಳಗೆ ಹೆಂಗಸರು, ನಡುವೆ ಪರದೆ. ಮಧ್ಯಾಹ್ನ ಊಟದ ಹೊತ್ತಿಗೆ ರುಖಿಯಮ್ಮ ಮದುಮಗಳ ಒಡವೆಯ ಹಾಡು ಎತ್ತಿದ್ದರು. ಅದು ಪ್ರಶ್ನೆ ಉತ್ತರದ ಹಾಡು. ಕೊರಳಿನ ಸರ ತಂದವರಾರು ಎಂದು ಇವರು ಕೇಳುವುದು, ಮಾವ ತಂದರು ಎಂದು ಉಳಿದವರು ಕೈ ತಟ್ಟುತ್ತಾ ಹೇಳುವುದು. ಹಾಡುತ್ತಾ ಪರದೆಯ ಸಂದಿಯಲ್ಲಿ ಹೊರಗೆ ನೋಡಿದರು. ವಿಶೇಷ ಅತಿಥಿಗಳ ಮೇಜಿನಲ್ಲಿ ಆ ಇಬ್ಬರು ಮುಖಂಡರು ಅಕ್ಕಪಕ್ಕ ಕುಳಿತು, ಒಂದೇ ದೊಡ್ಡ ತಟ್ಟೆಯಿಂದ ತುಪ್ಪದನ್ನ ತಿನ್ನುತ್ತಿದ್ದರು. ಒಬ್ಬರು ಮಾಂಸದ ತುಂಡನ್ನು ಇನ್ನೊಬ್ಬರ ಕಡೆಗೆ ಸರಿಸಿ ಏನೋ ಹೇಳಿದರು. ಇಬ್ಬರೂ ನಕ್ಕರು.

"ಸಿಟ್ಟು ಬಂತಾ ಅಂತ ಎಲ್ಲರೂ ಕೇಳ್ತಾರೆ. ಸಿಟ್ಟಲ್ಲ," ಎನ್ನುತ್ತಾರೆ ರುಖಿಯಮ್ಮ. ಅವರ ಬೆರಳು ಇಷ್ಟು ಹೊತ್ತಿನಲ್ಲಿ ಮೊದಲ ಬಾರಿಗೆ ನಿಂತಿದೆ. "ಅವರು ಚೆನ್ನಾಗಿ ಇದ್ದಾರೆ ಅಂತ ಗೊತ್ತಾಯ್ತು. ಅವರಿಗೆ ಮೊದಲಿಂದಲೂ ಜಗಳವೇ ಇರ್ಲಿಲ್ಲ. ಹಾಗಾದ್ರೆ ನನ್ನ ತಮ್ಮನ ಕಣ್ಣು ಎಂತಕ್ಕೆ ಹೋದದ್ದು? ಆ ಪ್ರಶ್ನೆ ಬಾಯಿಗೆ ಬಂತು. ಹಾಡಿನ ಧಾಟಿಯಲ್ಲೇ ಬಂತು."

ಬ್ಯಾರಿ ಭಾಷೆಯಲ್ಲಿ ಅವರು ಹಾಡಿದ್ದನ್ನು ಕನ್ನಡದಲ್ಲಿ ಹೀಗೆ ಹೇಳಬಹುದು:

ನನ್ನ ತಮ್ಮನ ಕಣ್ಣು ತೆಗೆದವರಾರು?
ಇವರಲ್ಲ, ಅವರಲ್ಲ, ಯಾರೂ ಅಲ್ಲ.
ಪೇಟೆ ತುಂಬ ಜನವಿತ್ತು ಅಂದು,
ನೋಡಿದವರಾರು? ಯಾರೂ ಇಲ್ಲ.

ಓಟಿನ ಮೊದಲು ಎರಡು ಬಾವುಟ,
ಓಟಾದ ಮೇಲೆ ಒಂದೇ ತಟ್ಟೆ.
ಹೊಟ್ಟೆ ತುಂಬ ಉಣ್ಣಿರಿ, ಉಣ್ಣಿರಿ,
ಕಣ್ಣು ಹೋದದ್ದು ನಮ್ಮದಷ್ಟೆ.

ಮೊದಲ ಸಾಲಿಗೆ ಅಭ್ಯಾಸದಿಂದ ಕೈ ತಟ್ಟಿದ ಹೆಂಗಸರು ಎರಡನೆಯ ಸಾಲಿಗೆ ನಿಲ್ಲಿಸಿದರು. ಚಪ್ಪರದಲ್ಲಿಯೂ ಮಾತು ನಿಂತಿತು. ಒಂದು ಜೋಡಿ ಕೈ ಮಾತ್ರ ತಾಳ ತಪ್ಪದೆ ತಟ್ಟುತ್ತಿತ್ತು. ಅದು ಸಮದ್‌ರ ತಾಯಿ, ಮದುಮಗಳ ಅಜ್ಜಿ ಅಲೀಮಮ್ಮನದು.

ಸಮದ್ ಓಡಿ ಬಂದು ಪರದೆಯ ಬಳಿ ನಿಂತರು. "ನಮ್ಮ ಮನೆಯ ಮದುವೆಯಲ್ಲೇ ಇದು ಬೇಕಿತ್ತಾ? ನಿಲ್ಲಿಸ್ಲಿಕ್ಕೆ ಹೇಳಿ ಉಮ್ಮ," ಎಂದರು. ಅಲೀಮಮ್ಮ ಕೈ ತಟ್ಟುವುದನ್ನು ನಿಲ್ಲಿಸದೆ ಕೇಳಿದರು: "ಅವಳು ಸುಳ್ಳು ಹೇಳಿದ್ದಾಳಾ? ಎಲ್ಲಿ ಸುಳ್ಳು ಉಂಟು ಅಂತ ಹೇಳು. ನಾನೇ ನಿಲ್ಲಿಸ್ತೇನೆ." ಸಮದ್ ಚಪ್ಪರಕ್ಕೆ ಮರಳಿದರು. ಅತಿಥಿಗಳಿಬ್ಬರೂ ಕೈ ತೊಳೆಯಲು ಎದ್ದರು.

ಮುಂದಿನದು ಸುಲಭದ ಕಾಲವಲ್ಲ. ಒಂದು ವರ್ಷ ಯಾರೂ ರುಖಿಯಮ್ಮನನ್ನು ಮದುವೆಗೆ ಕರೆಯಲಿಲ್ಲ. ಒಂದು ಸಂಜೆ ಮನೆಯ ಮೇಲೆ ಕಲ್ಲು ಬಿದ್ದು ಹೆಂಚು ಒಡೆಯಿತು. ಹೆಂಗಸಿನ ಸ್ವರ ಪರದೆಯಿಂದ ಹೊರಗೆ ಬಂದದ್ದು ಸರಿಯೇ ಎಂದು ಕೆಲವು ಹಿರಿಯರು ಅಬ್ದುಲ್ ರಹ್ಮಾನ್‌ರನ್ನು ಕರೆದು ಕೇಳಿದರು. ಮಾತು ಕಡಿಮೆಯ ಮನುಷ್ಯ ಅವರು. ಅಂದು ಹೇಳಿದ್ದನ್ನು ನಮಗೂ ಅಷ್ಟೇ ಮೆಲ್ಲಗೆ ಹೇಳುತ್ತಾರೆ: "ಹೌದು, ಸ್ವರ ಹೊರಗೆ ಬಂದಿದೆ ಅಂದೆ. ಮೂಸಕುಂಞಿ ಪೇಟೆಯಲ್ಲಿ ಬೊಬ್ಬೆ ಹಾಕಿದ ಸ್ವರ ಕೂಡ ಹೊರಗೆ ಬಂದಿತ್ತು. ಅದು ನಿಮಗೆ ಕೇಳಿತ್ತಾ ಅಂತ ಕೇಳಿದೆ." ಮಾತು ಅಲ್ಲಿಗೇ ಮುಗಿಯಿತು.

ಹೊಟ್ಟೆಯ ಮೇಲೆ ಬಿದ್ದ ಏಟು ದೊಡ್ಡದು. ಇವರು ಬೀಡಿ ಕೊಡುತ್ತಿದ್ದ ಡಿಪೋ ನೋಡಿಕೊಳ್ಳುವ ಅಚ್ಚುತ ದಿನವೂ ಅರ್ಧಕ್ಕರ್ಧ ಬೀಡಿ ಸರಿಯಿಲ್ಲವೆಂದು ತೆಗೆದು ಹಾಕತೊಡಗಿದರು. ಬೀಡಿ ಕಟ್ಟಲು ಕೂತಂದಿನಿಂದ ಇವರ ಕೈಯ ಬಗ್ಗೆ ಯಾರೂ ಒಂದು ಮಾತು ಆಡಿದ್ದಿಲ್ಲ. ಕೇಳಿದಾಗ ಅಚ್ಚುತ ಮುಚ್ಚಿಡಲಿಲ್ಲ. "ನಿಮ್ಮ ಕೈದು ತಪ್ಪಲ್ಲ ರುಖಿಯಮ್ಮ. ನನಗೆ ಮೇಲಿಂದ ಹೇಳಿದ್ದಾರೆ. ನನಗೂ ಮಕ್ಕಳುಂಟು," ಎಂದರು.

ಆಗ ನೆರವಾದವರು ನೆರೆಮನೆಯ ಪೂವಕ್ಕ. ಅವರೂ ಬೀಡಿ ಕಟ್ಟುವವರು, ತುಳು ಮಾತಾಡುವವರು. ಡಿಪೋದಿಂದ ಬರುವ ದಾರಿಯಲ್ಲಿ ರುಖಿಯಮ್ಮನ ಚೀಲ ಕೈಗೆ ತೆಗೆದುಕೊಂಡು, ನಾಳೆಯಿಂದ ನಿನ್ನ ಬೀಡಿಯನ್ನು ನಮ್ಮ ನಾಲ್ಕು ಮನೆಯವರು ನಮ್ಮ ಕಟ್ಟಿಗೆ ಸೇರಿಸಿ ಕೊಡುತ್ತೇವೆ ಎಂದರು. ಹಾಗೆಯೇ ನಡೆಯಿತು. ಒಂದು ದಿನ ಅಚ್ಚುತ ಪೂವಕ್ಕನ ಕಟ್ಟನ್ನು ಬಿಡಿಸಿ, ಒಂದು ಬೀಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಾರ ಕೈ ಎಂದು ಗೊತ್ತಾಗದೆ ಇರಲು ಸಾಧ್ಯವಿಲ್ಲ. ಕಟ್ಟನ್ನು ಮತ್ತೆ ಕಟ್ಟಿ, ಸರಿಯಿದೆ ಎಂದು ತೆಗೆದುಕೊಂಡ ಕಟ್ಟುಗಳ ಜೊತೆ ಇಟ್ಟರು.

"ನನಗೆ ಹೆದರಿಕೆ ಆಗ್ಲಿಲ್ಲ ಅಂತ ಹೇಳಿದ್ರೆ ಅದು ಸುಳ್ಳು," ಎಂದು ರುಖಿಯಮ್ಮ ಹೇಳುತ್ತಾರೆ. "ಹೆಂಚು ಒಡೆದ ಮೇಲೆ ನನಗೆ ಸ್ವರವೇ ಬರ್ತಿರ್ಲಿಲ್ಲ. ಹಾಡು ನಾನು ಬಿಟ್ಟೆ. ಪೂವಕ್ಕ ಬಿಡ್ಲಿಲ್ಲ."

ಬೀಡಿ ಕಟ್ಟುತ್ತಾ ಪೂವಕ್ಕ ಆ ಸಾಲುಗಳನ್ನು ತುಳುವಿಗೆ ತಿರುಗಿಸಿದ್ದರು. ಬೀಡಿಯ ಜಗಲಿಯಿಂದ ಜಗಲಿಗೆ ಅದು ನಡೆಯಿತು. ಕಡಬದ ಕಡೆಯ ರಬ್ಬರ್ ತೋಟಗಳಲ್ಲಿ ಕ್ರಿಶ್ಚಿಯನ್ ಹೆಂಗಸರು ಮಲಯಾಳದಲ್ಲಿ ಹಾಡುತ್ತಾರೆ ಎಂಬ ಸುದ್ದಿಯೂ ಬಂತು. ಕೊನೆಗೆ ಅದು ಕೂಡುರಸ್ತೆಗೇ ಬಂದು ಮುಟ್ಟಿತು. ಮೂಸಕುಂಞಿಯ ಹಳೆಯ ಅಂಗಡಿಗೆ ಎದುರಾಗಿ ಹೋಟೆಲ್ ನಡೆಸುವ ಡೊಂಬಯ್ಯ ಒಂದು ಬೆಳಿಗ್ಗೆ ಅಡುಗೆಕೋಣೆಯಲ್ಲಿ ಹೆಂಡತಿ ಅರೆಯುತ್ತಾ ಹಾಡುವುದನ್ನು ಕೇಳಿದರು. ನೋಡಿದವರಾರು, ಯಾರೂ ಇಲ್ಲ.

ಅಂದು ಹೋಟೆಲ್ ತೆರೆಯದೆ ಡೊಂಬಯ್ಯ ಈ ಜಗಲಿಗೆ ಬಂದರು. ಕುಳಿತುಕೊಳ್ಳಲಿಲ್ಲ. "ನಾನು ನೋಡಿದ್ದೆ ಮೂಸಕುಂಞಿ," ಎಂದರು. "ಬಾಗಿಲಿನ ಸಂದಿಯಲ್ಲಿ ನೋಡಿದ್ದೆ. ಯಾರು ಅಂತಲೂ ಗೊತ್ತುಂಟು."

ಪೊಲೀಸರ ಬಳಿ ಹೋದರೆ ಫೈಲು ಮುಚ್ಚಿ ಆಗಿದೆ ಎಂದರು. ಆದರೆ ಡೊಂಬಯ್ಯ ಅಷ್ಟಕ್ಕೆ ಬಿಡಲಿಲ್ಲ. ಎಂಬತ್ತೇಳರ ಮಂಡಲ ಪಂಚಾಯತ್ ಚುನಾವಣೆಯ ಸಮಯ ಅದೇ ಮುಖಂಡರಲ್ಲೊಬ್ಬರು ಓಟು ಕೇಳಲು ಹೋಟೆಲಿಗೆ ಬಂದಾಗ, ಗಿರಾಕಿಗಳ ಎದುರೇ ಕಂಡದ್ದನ್ನೆಲ್ಲ ಹೇಳಿದರು. ಬಾಟ್ಲಿ ಬಿಸಾಡಿದವನ ಹೆಸರನ್ನೂ ಹೇಳಿದರು. ಅದಾದ ಮೇಲೆ ಪಕ್ಕದ ಜಿನಸಿನ ಅಂಗಡಿಯವರು, ನಾವೂ ನೋಡಿದ್ದೇವೆ ಎಂದರು. ಆ ಸಲ ಕೂಡುರಸ್ತೆಯಲ್ಲಿ ಯಾವ ಮೆರವಣಿಗೆಗೂ ಜಾಗ ಸಿಗಲಿಲ್ಲ. ಅಂಗಡಿಯವರೆಲ್ಲ ಸೇರಿ, ಬರುವುದಾದರೆ ನಾಲ್ಕು ಜನ ನಡೆದು ಬನ್ನಿ, ಬಾವುಟ ಬೇಡ ಎಂದರು. ಆ ಇಬ್ಬರು ಮುಖಂಡರೂ ಸೋತರು. ಗೂಡಂಗಡಿಯ ತಕರಾರು ಹೊಸ ಮಂಡಲದ ಎದುರು ಇನ್ನೂ ಕುಳಿತಿದೆ. ಕಣ್ಣು ಹೋದ ಮೇಲೆ ಅಂಗಡಿ ಮುಚ್ಚಿದ್ದ ಮೂಸಕುಂಞಿಯ ಹೊಲಿಗೆ ಯಂತ್ರ ಈಗ ಡೊಂಬಯ್ಯನ ಹೋಟೆಲಿನ ಜಗಲಿಯಲ್ಲಿದೆ. "ಕಾಲರ್, ಕಾಜ ಆಗುದಿಲ್ಲ. ತಲೆದಿಂಬಿನ ಚೀಲ, ಲಂಗ, ನೇರ ಹೊಲಿಗೆ ಎಲ್ಲ ಆಗ್ತದೆ," ಎನ್ನುತ್ತಾ ಮೂಸಕುಂಞಿ ಅಲ್ಲಿಗೆ ಹೊರಡಲು ಏಳುತ್ತಾರೆ.

ಅದೇ ಚುನಾವಣೆಯಲ್ಲಿ ಹೆಂಗಸರಿಗೆ ಮೀಸಲಾದ ಸೀಟಿಗೆ ನಿಲ್ಲಿ ಎಂದು ಎರಡೂ ಪಕ್ಷದವರು ರುಖಿಯಮ್ಮನನ್ನು ಕೇಳಿಕೊಂಡು ಬಂದಿದ್ದರು. ಚಾಯ ಕೊಟ್ಟು ಕಳಿಸಿದರಂತೆ. "ನಾನು ಹೋಗಿ ಅಲ್ಲಿ ಕೂತ್ರೆ ನನ್ನ ಮೇಲೆ ಹಾಡ್ಲಿಕ್ಕೆ ಯಾರಿದ್ದಾರೆ?" ಎಂದು ಕೇಳುತ್ತಾರೆ.

ಈಗ ಮದುವೆಗೆ ಮತ್ತೆ ಕರೆ ಬರುತ್ತದೆ. ಸ್ವರವೂ ಬಂದಿದೆ, ಮೊದಲಿನಷ್ಟು ಎತ್ತರಕ್ಕೆ ಹೋಗುವುದಿಲ್ಲ. ಎಲ್ಲರೂ ಆ ಹಾಡನ್ನೇ ಕೇಳುತ್ತಾರೆ ಎಂಬುದು ಅವರಿಗೆ ಸ್ವಲ್ಪ ಬೇಸರ, ಒಡವೆಯ ಹಾಡು ಅದಕ್ಕಿಂತ ಚೆಂದವಂತೆ. ಆದರೆ ಕಳೆದ ತಿಂಗಳು ನರಿಮೊಗರಿನ ಕಡೆಯ ಒಂದು ಮದುವೆಯಲ್ಲಿ ಇವರು ಹಾಡು ಮುಗಿಸಿದ ಮೇಲೂ ಹೆಂಗಸರು ಕೈ ತಟ್ಟುವುದನ್ನು ನಿಲ್ಲಿಸಲಿಲ್ಲ. ಇವರಿಗೆ ಗೊತ್ತೇ ಇಲ್ಲದ ಸಾಲುಗಳು ಅವರ ಬಾಯಿಯಿಂದ ಬಂದವು. ಅದನ್ನು ಮಾತ್ರ ರುಖಿಯಮ್ಮ ನಮಗಾಗಿ ಪೂರ್ತಿ ಸ್ವರದಲ್ಲಿ ಹಾಡುತ್ತಾರೆ:

ಬೆರಳಿಗೆ ಶಾಯಿ ಹಚ್ಚುವ ಅಣ್ಣಾ,
ಮೆಲ್ಲ ಹಿಡಿ, ಇದು ಬೀಡಿ ಕಟ್ಟುವುದು.
ತಿಂಗಳು ಕಳೆದರೆ ಶಾಯಿ ಹೋದೀತು,
ಕೇಳಿದ ಪ್ರಶ್ನೆ ಇಲ್ಲೇ ಇರುವುದು.

ಕಟ್ಟಿದವರು ಯಾರು ಎಂದು ಅಲ್ಲಿ ಎಲ್ಲರನ್ನೂ ಕೇಳಿದರಂತೆ. ಯಾರಿಗೂ ಗೊತ್ತಿಲ್ಲ. ಒಬ್ಬಳು ಸುಳ್ಯದ ತವರಿನಲ್ಲಿ ಕೇಳಿದೆ ಎಂದಳು, ಇನ್ನೊಬ್ಬಳು ಸುಬ್ರಹ್ಮಣ್ಯದ ಬಸ್ಸಿನಲ್ಲಿ ಎಂದಳು.

"ಬೀಡಿ ಕಟ್ಟುವವಳೇ ಇರ್ಬೇಕು. ಬೆರಳಿನ ವಿಷಯ ಬೇರೆಯವರಿಗೆ ಹೊಳಿಯುದಿಲ್ಲ," ಎನ್ನುತ್ತಾರೆ ರುಖಿಯಮ್ಮ. "ನನ್ನ ಸಾಲಿಗಿಂತ ಚೆಂದ ಉಂಟು, ಅಲ್ವಾ? ನೀವು ಊರೂರು ತಿರುಗುವವರು. ಎಲ್ಲಿಯಾದ್ರೂ ಅವಳು ಸಿಕ್ಕಿದ್ರೆ ನಮ್ಮ ಮನೆಯ ದಾರಿ ಹೇಳಿ. ಎರಡು ದಿನ ನಿಲ್ಲಿಕ್ಕೆ ಬರ್ಲಿ. ಅವಳ ಎದುರು ಕೂತು ನಾನು ಕೈ ತಟ್ಟಬೇಕು."