ಕೆಂಪು ನೂಲು ಆಚೆಗೆ

ಬೆಳಗಿನ ಐದೂವರೆ. ಜ್ವರದ ವಾರ್ಡಿನ ಹಿಂದೆ ಸಿದ್ದಲಿಂಗಮ್ಮ ಕುದಿಯುವ ಹಂಡೆಯನ್ನು ಕೋಲಿನಿಂದ ತಿರುವುತ್ತಿದ್ದಾರೆ. ಒಳಗಿರುವುದು ಮೂಗು-ಬಾಯಿಗೆ ಕಟ್ಟುವ ನೂರ ನಲವತ್ತು ಬಾಯಿಬಟ್ಟೆ. ನಾಲ್ಕು ಮಡಿಕೆಯ ತೆಳು ಬಟ್ಟೆ, ಕಟ್ಟಲು ದಾರ, ಒಂದು ಮಗ್ಗುಲಿಗೆ ಮಾತ್ರ ಕೆಂಪು ನೂಲಿನ ಹೊಲಿಗೆ.

ಆ ನೂಲು ಅವರದೇ ಯೋಚನೆ. ಈ ವರ್ಷ, ಸಾವಿರದ ಒಂಬೈನೂರ ಐವತ್ತೇಳರಲ್ಲಿ, ಫ್ಲೂ ಜ್ವರ ಮೈಸೂರಿಗೆ ಬಂದ ಮೊದಲ ವಾರ, ಆಯಾಗಳು ಕಾಫಿಗೆಂದು ಬಟ್ಟೆ ಬಿಚ್ಚಿ ಮತ್ತೆ ತಿರುಗಿಸಿ ಕಟ್ಟಿಕೊಳ್ಳುತ್ತಿದ್ದರು. ರೋಗಿಯ ಕೆಮ್ಮಿನ ಹನಿ ಬಿದ್ದ ಮಗ್ಗುಲೇ ಅವರ ಮೂಗಿಗೆ ಬರುತ್ತಿತ್ತು. ಮೂವರು ಜ್ವರ ಹಿಡಿದು ಮಲಗಿದರು.

"ಎರಡು ಕಡೆನೂ ಬೆಳ್ಳಗಿದ್ರೆ ಯಾರಿಗೆ ಗೊತ್ತಾಯ್ತದೆ? ಕೆಂಪು ಆಚೆಗೆ ಅಂದ್ಬುಟ್ಟೆ, ಮುಗೀತು."

ಆಮೇಲಿನ ಆರು ವಾರದಲ್ಲಿ ಆಯಾಗಳು ಯಾರೂ ಮಲಗಿಲ್ಲ.

ಸಿದ್ದಲಿಂಗಮ್ಮನವರಿಗೆ ನಲವತ್ತೆರಡು. ನಜರ್‌ಬಾದಿನಿಂದ ನಡೆದು ಬರುತ್ತಾರೆ. ಗಂಡ ಇಲ್ಲ.

ಒಂಬತ್ತನೆಯ ಮಂಚದಲ್ಲಿದ್ದ ಕರಿಬಸವಯ್ಯ ಮೂವತ್ತು ವರ್ಷ ಅರಮನೆಯ ಕುದುರೆ ಲಾಯದಲ್ಲಿ ದುಡಿದವರು. ಸೊಸೆ ಮಂಗಳಮ್ಮ ಆಗ ಎಂಟು ತಿಂಗಳ ಬಸುರಿ. ದಿನವೂ ಗಂಜಿ ತಂದು, ಮಾವನನ್ನು ನೋಡಿಯೇ ಹೋಗುತ್ತೇನೆಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಕೆ ಬಾಯಿಗೆ ಬಟ್ಟೆ ಕಟ್ಟಿದ್ದಳು. ಮುದುಕರು ಕಟ್ಟಲು ಒಲ್ಲೆ ಎಂದರು.

"ಸಾಹೇಬರ ಮುಂದೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ನಿಂತಿದ್ದು ಸಾಕು ಕಣಮ್ಮ. ಇನ್ಯಾರ ಮುಂದೆನೂ ಮುಚ್ಚಕ್ಕಿಲ್ಲ."

"ಅಂಗಾದ್ರೆ ಅವಳು ಒಳಕ್ಕೆ ಬರಂಗಿಲ್ಲ," ಎಂದರು ಸಿದ್ದಲಿಂಗಮ್ಮ.

"ನೀನ್ಯಾರು ತಡೆಯಾಕೆ?"

"ಬಟ್ಟೆ ಕುದಿಸೋಳು. ನೋಡಿ ಅಯ್ಯ, ನಿಮ್ಮ ಮುಂದೆ ನಾನು ಬಾಯಿ ಮುಚ್ಚಿವ್ನಿ. ದೊಡ್ಡ ಡಾಕ್ಟ್ರೂ ಮುಚ್ಚವ್ರೆ. ಈಗ ಸಾಹೇಬ್ರು ಆದೋರ್ಯಾರು?"

ಮುದುಕರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಕೆಮ್ಮು ನಿಂತ ಮೇಲೆ ಕೈ ಚಾಚಿದರು. "ಕೊಡು. ಕೆಂಪು ಎತ್ಲಾಗೆ?"

ಹದಿನೈದು ದಿನದ ಮೇಲೆ ಅವರು ಮನೆಗೆ ಹೋದರು. ಮಂಗಳಮ್ಮನಿಗೆ ಹೆಣ್ಣು ಮಗು. ಜ್ವರ ಆ ಮನೆಯಲ್ಲಿ ಇನ್ನೊಬ್ಬರನ್ನು ಮುಟ್ಟಲಿಲ್ಲ.

ಪತ್ರಿಕೆಗೆ ಬರೆಯಲು ಬಂದ ನಾನು, ನಿಮಗೇನು ಬೇಕು ಎಂದು ಕೇಳಿದರೆ ಸಿದ್ದಲಿಂಗಮ್ಮ ಹಂಡೆಯ ಕಡೆ ನೋಡುತ್ತಾರೆ. "ಒಳಗೆ ಎಲ್ರದೂ ಬರೀ ಕಣ್ಣು ಕಣ್ರೀ. ವಾಸಿಯಾಗಿ ಹೋಗೋರು ಗೇಟಿಂದಾಚೆ ಬಟ್ಟೆ ಬಿಚ್ಚಿ, ದಾರ ಹಿಡ್ಕೊಂಡು ನನ್ನ ಬಕೀಟಿಗೆ ಹಾಕ್ತಾರೆ. ಆವಾಗ ಮೊಕ ಕಾಣ್ತದೆ. ಅಷ್ಟು ಜನದ ಮೊಕಾನೂ ನೋಡ್ಬೇಕು."

ಗೇಟಿನಾಚೆ ಕರಿಬಸವಯ್ಯನವರ ಮುಖ ಹೇಗಿತ್ತು?

"ಬಾಯ್ತುಂಬ ನಗು. ಮುಂದಿನ ಹಲ್ಲೇ ಇಲ್ಲ," ಎನ್ನುತ್ತ ಅವರು ಹಂಡೆಯ ಕೆಳಗೆ ಇನ್ನೊಂದು ಸೌದೆ ನೂಕುತ್ತಾರೆ.